ಕೂಡಬೇಕೋ, ಕಳೆಯಬೇಕೋ?

ಮೊದಲ ಪಿಯುಸಿ ವಿದ್ಯಾರ್ಥಿಗೆ ಬೆಳಿಗ್ಗೆ ಭೌತಶಾಸ್ತ್ರ, ಮಧ್ಯಾಹ್ನ ರಸಾಯನಶಾಸ್ತ್ರ. ಎರಡರಲ್ಲೂ ಉಷ್ಣಗತಿವಿಜ್ಞಾನದ ಮೊದಲನೆಯ ನಿಯಮವೇ. ಆಂತರಿಕ ಶಕ್ತಿ ಎಷ್ಟು ಹೆಚ್ಚಿತೆಂದು ತಿಳಿಯಲು ಕೊಟ್ಟ ಉಷ್ಣದಿಂದ ಕೆಲಸವನ್ನು ಕಳೆಯಿರಿ ಎಂದು ಬೆಳಿಗ್ಗೆ ಹೇಳಿದರು. ಕೂಡಿಸಿ ಎಂದು ಮಧ್ಯಾಹ್ನ. ಇಬ್ಬರು ಮೇಷ್ಟರಲ್ಲಿ ಒಬ್ಬರು ತಪ್ಪಿದ್ದಾರೆಂದು ಮನೆಯವರು ತಿಳಿದರೆ ಆಶ್ಚರ್ಯವಿಲ್ಲ. ಯಾರೂ ತಪ್ಪಿಲ್ಲ. ಆದರೆ ತಾವು ಯಾರ ಲೆಕ್ಕ ಹಿಡಿದಿದ್ದೇವೆಂದು ಮೊದಲ ದಿನವೇ ಹೇಳಿದ್ದರೆ ಅರ್ಧ ತಲೆನೋವು ಇಳಿಯುತ್ತಿತ್ತು.

ಕಿರಾಣಿ ಅಂಗಡಿಯ ಸಾಲವನ್ನೇ ನೋಡಿ. ಅಂಗಡಿಯವರ ಪುಸ್ತಕದಲ್ಲಿ 'ಬರಬೇಕಾದ' ನೂರು ರೂಪಾಯಿ ಮನೆಯ ಲೆಕ್ಕದಲ್ಲಿ 'ಕೊಡಬೇಕಾದದ್ದು'. ದುಡ್ಡು ಒಂದೇ, ಬರೆದವರು ಬೇರೆ.

ಭೌತಶಾಸ್ತ್ರದ ಲೆಕ್ಕ ಉಗಿಯಂತ್ರದ ಕಾಲದ್ದು. 1850ರಲ್ಲಿ ಜರ್ಮನ್ ವಿಜ್ಞಾನಿ ಕ್ಲಾಸಿಯಸ್ ಈ ನಿಯಮವನ್ನು ಸಮೀಕರಣಕ್ಕೆ ಇಳಿಸಿದರು. ಯಂತ್ರದವರಿಗೆ ಬೇಕಾದದ್ದು ಇಷ್ಟೇ: ಹಾಕಿದ ಉಷ್ಣ ಎಷ್ಟು, ಸಿಕ್ಕ ಕೆಲಸ ಎಷ್ಟು? ಆದ್ದರಿಂದ ಅನಿಲ ಹೊರಕ್ಕೆ ಮಾಡಿಕೊಟ್ಟ ಕೆಲಸ ಧನ. ರಸಾಯನಶಾಸ್ತ್ರಕ್ಕೆ ಯಂತ್ರದ ಗೊಡವೆಯಿಲ್ಲ. ಅದರ ಕಣ್ಣು ಪಾತ್ರೆಯೊಳಗಿನ ವಸ್ತುವಿನ ಮೇಲೆ. ಒಳಬಂದದ್ದೆಲ್ಲ ಧನ, ಹೊರಹೋದದ್ದೆಲ್ಲ ಋಣ. ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಶಿಫಾರಸು ಮಾಡಿರುವುದೂ ಇದನ್ನೇ. ನಿಜಕ್ಕೂ ಇದೇ ಹೆಚ್ಚು ಅಚ್ಚುಕಟ್ಟು.

ಒಂದು ಗ್ರಾಂ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯ ವಾಯುಒತ್ತಡದಲ್ಲಿ, ಪೂರ್ತಿ ಆವಿಯಾಗಲು ಸುಮಾರು 2256 ಜೂಲ್ ಉಷ್ಣ ಬೇಕು. ಒಂದು ಘನ ಸೆಂಟಿಮೀಟರಿನಷ್ಟಿದ್ದದ್ದು 1671ಕ್ಕೆ ಹಿಗ್ಗುತ್ತದೆ. ಸುತ್ತಲ ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳಲು ಸುಮಾರು 169 ಜೂಲ್ ಖರ್ಚು. ಭೌತಶಾಸ್ತ್ರದಲ್ಲಿ ಈ ಕೆಲಸ +169, ಅದನ್ನು ಕಳೆಯಬೇಕು. ರಸಾಯನಶಾಸ್ತ್ರದಲ್ಲಿ –169, ಅದನ್ನು ಕೂಡಬೇಕು. ಎರಡರಲ್ಲೂ ಉತ್ತರ 2087.

ಬೆಳಗಿನ +169ನ್ನು ಮಧ್ಯಾಹ್ನದ ಸೂತ್ರಕ್ಕೆ ಹಾಕಿದರೆ ಮಾತ್ರ 2425 ಬರುತ್ತದೆ. ಸಿಇಟಿಯಂಥ ಪರೀಕ್ಷೆಯಲ್ಲಿ ಅಂಥ ಸಂಖ್ಯೆಯೂ ನಾಲ್ಕು ಉತ್ತರಗಳಲ್ಲಿ ಒಂದಾಗಿ ಕಾದು ಕುಳಿತಿರಬಹುದು. ಗುರುತು ಹಾಕಿದವರಿಗೆ ಅನುಮಾನವೇ ಬರುವುದಿಲ್ಲ. ಕೊಟ್ಟದ್ದು 2256, ಅದರಲ್ಲಿ ಖರ್ಚೂ ಆಗಿದೆ. ಉಳಿದದ್ದು ಕೊಟ್ಟದ್ದಕ್ಕಿಂತ ಹೆಚ್ಚಾಗುವುದುಂಟೆ? ಇದನ್ನು ಕೇಳಲು ಅಪ್ಪ ಅಮ್ಮ ವಿಜ್ಞಾನ ಓದಿರಬೇಕಾಗಿಲ್ಲ.

ಸೈಕಲ್ ಪಂಪಿನದು ಇದರ ತಿರುಗುಮುರುಗು. ಅಲ್ಲಿ ಕೈ ಗಾಳಿಯ ಮೇಲೆ ಕೆಲಸ ಮಾಡುತ್ತದೆ: ಬೆಳಗಿನ ಲೆಕ್ಕದಲ್ಲಿ ಋಣ, ಮಧ್ಯಾಹ್ನದ ಲೆಕ್ಕದಲ್ಲಿ ಧನ. ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಲೆಕ್ಕ ಬಿಡಿಸಿದಾಗ ಆ ಗಾಳಿಯ ಆಂತರಿಕ ಶಕ್ತಿ ಇಳಿಯಿತೆಂದು ಬಂದರೆ, ಚಿಹ್ನೆ ಎಲ್ಲೋ ಅದಲುಬದಲಾಗಿದೆ. ಮತ್ತೊಮ್ಮೆ ಮೊದಲಿಂದ ಬಿಡಿಸಬೇಕು.