ಹಾಲು ಬಿಡಿಸುವ ಹೊತ್ತು

ಲೇಪಾಕ್ಷಿಯ ಏಕಶಿಲೆಯ ಬಸವಣ್ಣನನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಲ್ಲಿಂದ ಸ್ವಲ್ಪ ದೂರದಲ್ಲಿ ನಮ್ಮದು ಎರಡು ಎಕರೆ ಹೊಲ, ಆರು ಮೇಕೆಗಳ ಒಂದು ಸಣ್ಣ ರೊಪ್ಪ. 2022ರಲ್ಲಿ ನಮ್ಮ ಕಡೆಯ ಊರುಗಳು ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಜಿಲ್ಲೆಯ ಹೆಸರು ಬದಲಾದರೂ ಮಳೆ ಬದಲಾಗಲಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಬಿದ್ದರೆ ಪುಣ್ಯ. ಕಡಲೆಕಾಯಿ ಕೈಕೊಟ್ಟ ವರ್ಷ ಮಕ್ಕಳ ಶಾಲೆಯ ಫೀಸು, ಅಂಗಡಿಯ ಸಾಲ ತೀರುವುದು ಮೇಕೆಗಳಿಂದಲೇ. ಹೆಣ್ಣು ಮರಿಗಳನ್ನು ಉಳಿಸಿಕೊಳ್ಳುತ್ತೇವೆ, ಗಂಡು ಮರಿಗಳನ್ನು ಮಾರುತ್ತೇವೆ. ಮನೆಯಲ್ಲಿ ನಾವು ಕನ್ನಡದವರು, ಹೋತಮರಿ ಎನ್ನುತ್ತೇವೆ. ಸಂತೆಗೆ ಹೋದರೆ ಅದೇ ಮೇಕಪೋತು.

2019ರ ಸಂಕ್ರಾಂತಿ ಕಳೆದ ವಾರ ನಮ್ಮ ಚುಕ್ಕಿ ಎರಡು ಮರಿ ಹಾಕಿತು. ಗಂಡು ಕೆಂಚ, ಹೆಣ್ಣು ಬೆಳ್ಳಿ. ಹೆಸರಿಟ್ಟವಳು ಆಗ ಆರು ವರ್ಷದ ನಮ್ಮ ಮಗಳು. ಶಾಲೆಯಿಂದ ಬಂದ ಕೂಡಲೇ ಚೀಲ ಎಸೆದು ರೊಪ್ಪಕ್ಕೆ ಓಡುತ್ತಿದ್ದಳು. ಯುಗಾದಿ ಹತ್ತಿರ ಬಂದಾಗ ಹೊಸತೊಡಕಿಗೆ ಮರಿ ಬೇಕೆಂದು ವ್ಯಾಪಾರಿ ಬಂದ. ಕೆಂಚನನ್ನು ಕ್ರಿಸ್ಮಸ್‌ವರೆಗೆ ಸಾಕಿದರೆ ಎರಡರಷ್ಟು ದುಡ್ಡು ಬರುತ್ತದೆಂದು ನಾವು ಕೊಡಲಿಲ್ಲ. ಆ ಲೆಕ್ಕವೇನೂ ತಪ್ಪಲ್ಲ. ತಪ್ಪಿದ್ದು ಬೇರೆ ಕಡೆ.

"ಗಂಡು ಮರಿಗೆ ಮೂರು ತಿಂಗಳಾಗುತ್ತಾ ಬಂತು, ಹಾಲು ಬಿಡಿಸಿ ಬೇರೆ ಕಟ್ಟಿ ಹಾಕ್ರಪ್ಪಾ" ಎಂದು ಅಜ್ಜಿ ಎರಡು ಸಲ ಹೇಳಿದರು. ಒಂದು ರಾತ್ರಿ ಬೇರೆ ಕಟ್ಟಿದೆವು. ಮರಿ ಅತ್ತ ಅರಚಿತು, ತಾಯಿ ಇತ್ತ ಅರಚಿತು, ಮಗಳು ಹಾಸಿಗೆಯಲ್ಲಿ ಕೂತು ಅತ್ತಳು. ನಡುರಾತ್ರಿ ಎದ್ದು ಹಗ್ಗ ಬಿಚ್ಚಿಬಿಟ್ಟೆವು. ಪಾಪ, ಇನ್ನೂ ಕೂಸು, ಮುಂದಿನ ತಿಂಗಳು ನೋಡೋಣ ಎಂದುಕೊಂಡೆವು. ಆ ಮುಂದಿನ ತಿಂಗಳು ಬರಲೇ ಇಲ್ಲ.

ಗಂಡು ಮರಿ ನಮ್ಮ ಕಣ್ಣಿಗೆ ಕೂಸಾಗಿರುವಾಗಲೇ, ಮೂರು ನಾಲ್ಕು ತಿಂಗಳಿಗೇ, ಬೆದೆಗೆ ಬಂದ ಹೆಣ್ಣಿಗೆ ಗಬ್ಬ ಕಟ್ಟಿಸಬಲ್ಲದು. ಅಮ್ಮ, ಅಕ್ಕ, ತಂಗಿ ಎಂಬುದು ಅದಕ್ಕಿಲ್ಲ. ಹೆಣ್ಣು ಮರಿಯೂ ನಾಲ್ಕೈದು ತಿಂಗಳಿಗೆ ಬೆದೆಗೆ ಬರಬಹುದು, ಆದರೆ ಹೆರುವಷ್ಟು ಮೈ ಅದಕ್ಕೆ ಬಂದಿರುವುದಿಲ್ಲ. ದಸರೆ ಹೊತ್ತಿಗೆ ಬೆಳ್ಳಿಯ ಹೊಟ್ಟೆ ಇಳಿದಾಗ ನಮಗೆ ಎದೆ ಧಸಕ್ಕೆಂದಿತು. ಮೇಕೆ ಗಬ್ಬ ಹೊರುವುದು ಸುಮಾರು 150 ದಿನ. ಹಿಂದಕ್ಕೆ ಎಣಿಸಿದರೆ ಜೂನ್ ತಿಂಗಳಿಗೆ ಬಂತು. ಆಗ ರೊಪ್ಪದಲ್ಲಿದ್ದ ಗಂಡು ಕೆಂಚ ಒಂದೇ.

ನವೆಂಬರಿನ ಒಂದು ಬೆಳಗಿನ ಜಾವ ಬೆಳ್ಳಿಗೆ ನೋವು ಶುರುವಾಯಿತು. ಹೊಟ್ಟೆಯ ಮರಿ ದೊಡ್ಡದು, ದಾರಿ ಸಣ್ಣದು. ಪಶುವೈದ್ಯರು ಬಂದು ತಮ್ಮ ಕೈಲಾದದ್ದೆಲ್ಲ ಮಾಡಿದರು. ಮರಿ ಸತ್ತೇ ಬಂತು. ಮಧ್ಯಾಹ್ನದ ಹೊತ್ತಿಗೆ ಬೆಳ್ಳಿಯೂ ಹೋಯಿತು. ಹೊಂಗೆ ಮರದ ಕೆಳಗೆ ಗುಂಡಿ ತೋಡುವಾಗ ಮಗಳು, "ಅಜ್ಜಿ ಹೇಳಿದ್ದರಲ್ಲಾ, ಯಾಕೆ ಬೇರೆ ಕಟ್ಟಲಿಲ್ಲ?" ಎಂದು ಕೇಳಿದಳು. ನಿನ್ನ ಅಳು ನೋಡಲಾಗದೆ ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಅವಳ ಮೇಲೆ ಹೊರಿಸುವ ಮಾತಲ್ಲ ಅದು. ದೊಡ್ಡವರು ನಾವು.

ಆ ಮೇಲೆ ನಮ್ಮ ರೊಪ್ಪದ ರೀತಿ ಬದಲಾಯಿತು. ಮೇಕೆ ಸಾಕುವ ಬೇರೆ ಕುಟುಂಬಗಳಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇವೆ.

ಹಾಲು ಬಿಡಿಸುವ ಕೆಲಸ ಮೂರನೇ ತಿಂಗಳಿಗೆ ಶುರುವಾಗುವುದಲ್ಲ, ಮೂರನೇ ವಾರಕ್ಕೇ ಶುರುವಾಗಬೇಕು. ಮರಿ ನುಗ್ಗಬಹುದಾದ, ತಾಯಿ ನುಗ್ಗಲಾಗದ ಒಂದು ಮೂಲೆ ಮಾಡಿ ಅಲ್ಲಿ ಎಳೆಯ ಸುಬಾಬುಲ್ ಅಥವಾ ಅಗಸೆ ಸೊಪ್ಪು, ಕಡಲೆಕಾಯಿ ಬಳ್ಳಿಯ ಒಣಮೇವು ಇಡುತ್ತೇವೆ. ಮೇವು ಮೆದ್ದಷ್ಟೂ ಹೊಟ್ಟೆ ಮೆಲುಕು ಹಾಕುವುದಕ್ಕೆ ತಯಾರಾಗುತ್ತದೆ. ಎರಡು ತಿಂಗಳಾದ ಮೇಲೆ ರಾತ್ರಿ ಮಾತ್ರ ತಾಯಿಯಿಂದ ಬೇರೆ. ಆಮೇಲೆ ದಿನಕ್ಕೆ ಒಂದೇ ಸಲ ಹಾಲು. ಮೂರು ತಿಂಗಳು ತುಂಬುವುದರೊಳಗೆ ಪೂರ್ತಿ ನಿಲ್ಲಿಸುತ್ತೇವೆ. ಆ ದಿನಗಳಲ್ಲಿ ತಾಯಿಗೆ ಹಾಕುವ ಕಾಳು, ಹಿಂಡಿ ಕಡಿಮೆ ಮಾಡಿದರೆ ಕೆಚ್ಚಲು ತಾನಾಗಿ ಬತ್ತುತ್ತದೆ. ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ ಡಾಕ್ಟರಿಗೆ ತೋರಿಸಬೇಕು.

ಗಂಡು ಮರಿಯನ್ನು ಒಂಟಿಯಾಗಿ ಕಟ್ಟಬಾರದು. ನಾವು ಅಂದು ಮಾಡಿದ ಇನ್ನೊಂದು ತಪ್ಪು ಅದೇ. ಎರಡು ಮೂರು ಗಂಡುಗಳನ್ನು ಒಟ್ಟಿಗೆ ಹಾಕಿದರೆ ಎರಡು ಮೂರು ದಿನ ಅರಚಿ ಸುಮ್ಮನಾಗುತ್ತವೆ. ಬೇಲಿ ಮಾತ್ರ ಗಟ್ಟಿ ಇರಬೇಕು. ಕೊರಳ ಹಗ್ಗವನ್ನು ವಾರಕ್ಕೊಮ್ಮೆ ನೋಡಿ ಸಡಿಲಿಸುತ್ತೇವೆ, ಬೆಳೆಯುವ ಮರಿಗೆ ಅದು ಕತ್ತಿಗೆ ಇಳಿಯುತ್ತದೆ. ಹಣೆಗೆ ಹಣೆ ಕೊಟ್ಟು ಗುಮ್ಮಿಸುವ ಆಟವನ್ನು ಮಕ್ಕಳಿಗೆ ಬಿಡಿಸಿದ್ದೇವೆ. ಮರಿಯಾಗಿದ್ದಾಗ ಅದು ಆಟ, ಹೋತವಾದ ಮೇಲೆ ಮುದುಕರ ಸೊಂಟ ಮುರಿಯುತ್ತದೆ.

ತಳಿಗೆ ಬೇಡವಾದ, ಬಹಳ ದಿನ ಇಟ್ಟುಕೊಳ್ಳುವ ಗಂಡಿಗೆ ಬೀಜ ಒಡೆಸುತ್ತೇವೆ. ಹಿಂದೆ ಕಲ್ಲಿನಿಂದ ಜಜ್ಜುತ್ತಿದ್ದರು, ಅದು ಕ್ರೂರ. ಈಗ ಪಶು ಆಸ್ಪತ್ರೆಯಲ್ಲಿ ಬರ್ಡಿಜೊ ಎಂಬ ಇಕ್ಕಳದಿಂದ ಚರ್ಮ ಕೊಯ್ಯದೆ ಒಳಗಿನ ನಾಳವನ್ನು ಅಮುಕುತ್ತಾರೆ. ತೀರ ಎಳೆಯದರಲ್ಲಿ ಮಾಡಿಸಿದರೆ ಮೂತ್ರದ ದಾರಿ ಸರಿಯಾಗಿ ಬೆಳೆಯದೆ ಮುಂದೆ ಕಲ್ಲು ಸಿಕ್ಕಿಕೊಳ್ಳುವ ಭಯ ಹೆಚ್ಚು. ಮಾಡಿಸಿದ ಮೇಲೂ ಕೆಲವು ವಾರ ಹೆಣ್ಣುಗಳ ಜೊತೆ ಬಿಡಬಾರದು. ಬೇಗ ಕೊಬ್ಬಲಿ ಎಂದು ಜೋಳ, ತೌಡು ಸುರಿಯುವುದರಿಂದಲೂ ಕಲ್ಲು ಕಟ್ಟುತ್ತದೆ. ಸೊಪ್ಪು ಮೇವು ಹೆಚ್ಚು, ಕಾಳು ಕಡಿಮೆ, ನೆಕ್ಕಲು ಉಪ್ಪು, ಸದಾ ಶುಚಿಯಾದ ನೀರು ಇರಬೇಕು. ಗಂಡು ಮರಿ ಮುಕ್ಕುತ್ತಾ ನಿಂತು ಹನಿ ಹನಿ ಮೂತ್ರ ಹೊಯ್ದರೆ ಅಜೀರ್ಣವೆಂದು ಕಾಯಬೇಡಿ, ಅಂದೇ ಡಾಕ್ಟರನ್ನು ಕರೆಸಿ. ಮೂರು ನಾಲ್ಕು ತಿಂಗಳಿಗೆ ಪಿ.ಪಿ.ಆರ್. ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳುಬೇನೆ ಲಸಿಕೆ, ಆಗಾಗ ಹುಳದ ಔಷಧಿ ಎಲ್ಲ ಗಂಡಿಗೂ ಬೇಕು. ಮಾರುವುದು ತಾನೇ ಎಂದು ಬಿಡುವ ಹಾಗಿಲ್ಲ.

ಈಗ ಮಗಳು ದೊಡ್ಡವಳಾಗಿದ್ದಾಳೆ. ಕಳೆದ ಸಲ ಎರಡು ಗಂಡು ಮರಿಗಳನ್ನು ಬೇರೆ ಮಾಡಿದ ದಿನ ಬೇಲಿಯ ಬಾಗಿಲು ಕಟ್ಟಿದವಳು ಅವಳೇ. ರಾತ್ರಿ ಮರಿಗಳು ಅರಚಿದವು. ಅವಳು ಎದ್ದು ಹೋಗಿ ನೀರಿನ ಬೋಗುಣಿ ತುಂಬಿಸಿ, ಒಂದು ಹಿಡಿ ಸೊಪ್ಪು ಹಾಕಿ, ಬಾಗಿಲು ತೆಗೆಯದೆ ಬಂದು ಮಲಗಿದಳು. ನಮಗೆ ಕಲಿಯಲು ಒಂದು ಜೀವ ಹೋಗಬೇಕಾಯಿತು. ಅಳು ಕೇಳಿದ ಕೂಡಲೇ ಹಗ್ಗ ಬಿಚ್ಚುವುದು ಕರುಣೆ ಎಂದು ನಾವು ತಿಳಿದಿದ್ದೆವು. ನಮ್ಮ ಸಂಕಟ ನಿಲ್ಲಲಿ ಎಂದೇ ಅಂದು ಹಗ್ಗ ಬಿಚ್ಚಿದ್ದು ಎಂದು ಈಗ ಅನ್ನಿಸುತ್ತದೆ. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಮರಿಗಳು ಒಂದಕ್ಕೊಂದು ಒರಗಿ ಮೆಲುಕು ಹಾಕುತ್ತಿದ್ದವು.