ಹಳೆಯದು ನಡೆಯುತ್ತಿರುವಾಗಲೇ

ಶಿರಸಿ ಸೀಮೆಯ ಒಂದು ಸೇವಾ ಸಹಕಾರಿ ಸಂಘದ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಡಿಕೆ ಬೆಳೆಗಾರರ ಬೆಳೆಸಾಲ, ಠೇವಣಿ, ಪಿಗ್ಮಿ, ಗೊಬ್ಬರದ ಮಾರಾಟ, ಎಲ್ಲದರ ಲೆಕ್ಕವೂ ಅದರಲ್ಲೇ ಇದೆ. ಆ ಲೆಕ್ಕವನ್ನು ವಿಷುವಲ್ ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸಿನಿಂದ ಪೋಸ್ಟ್‌ಗ್ರೆಸ್ ಎಂಬ ಹೊಸ ಡೇಟಾಬೇಸಿಗೆ ದಾಟಿಸುವಾಗ ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ದಾಟಿಸುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಸಿಕ್ಕರು. ಯಾವಾಗ ದಾಟಿಸಬೇಕು ಎಂಬುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕಾಯಿತು.

ಫಾಕ್ಸ್‌ಪ್ರೊ ಬಗ್ಗೆ ನನಗೆ ಗೌರವವಿದೆ. ಸಣ್ಣ ಕಂಪ್ಯೂಟರಿನಲ್ಲಿ, ದುಡ್ಡಿಲ್ಲದ ಸಂಸ್ಥೆಗಳಲ್ಲಿ ಅದು ಮಾಡಿದಷ್ಟು ಕೆಲಸವನ್ನು ಬೇರೆ ಯಾವುದೂ ಮಾಡಿಲ್ಲ. ಅದರ ಕೊನೆಯ ಆವೃತ್ತಿ 2004ರಲ್ಲಿ ಬಂತು. ಮುಂದಿನ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲಿ ಹೇಳಿತು, 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿತು. ಅದಾದ ಮೇಲೂ ನಮ್ಮ ಕೌಂಟರು ದಿನಾ ತೆರೆಯಿತು, ದಿನಾ ಕಿರ್ದಿ ಮುಗಿಯಿತು. ಬೆಂಬಲ ನಿಂತ ಮಾತ್ರಕ್ಕೆ ಯಾವ ತಂತ್ರಾಂಶವೂ ಮರುದಿನ ನಿಲ್ಲುವುದಿಲ್ಲ. ಒಂದು ಟೇಬಲ್ ಎರಡು ಜಿಬಿ ಮೀರುವಂತಿಲ್ಲ ಎಂಬ ಮಿತಿಯೂ ಅದಕ್ಕಿದೆ, ನಮ್ಮ ಲೆಕ್ಕ ಆ ಮಿತಿಯ ಹತ್ತಿರಕ್ಕೂ ಹೋಗಿರಲಿಲ್ಲ. ಹಾಗಾಗಿ ಆಡಳಿತ ಮಂಡಳಿಯವರು “ಅವಸರ ಏನು?” ಎಂದು ಕೇಳಿದಾಗ ಅವರಲ್ಲಿ ತಪ್ಪೇನೂ ಇರಲಿಲ್ಲ.

ಅವಸರ ಬೇರೆ ಕಡೆಯಿಂದ ಬಂತು. ಫಾಕ್ಸ್‌ಪ್ರೊದಲ್ಲಿ ಲೆಕ್ಕವನ್ನು ಕಾಯುವ ಪ್ರತ್ಯೇಕ ಸರ್ವರ್ ಇಲ್ಲ. ಒಂದು ಕಂಪ್ಯೂಟರಿನ ಫೋಲ್ಡರಿನಲ್ಲಿ ಫೈಲುಗಳಿರುತ್ತವೆ, ಕೌಂಟರಿನ ಕಂಪ್ಯೂಟರುಗಳೆಲ್ಲ ನೆಟ್‌ವರ್ಕ್ ಮೂಲಕ ಅವನ್ನು ತೆರೆದು ತಾವೇ ಬರೆಯುತ್ತವೆ. ಬರೆಯುವಾಗ ಒಂದು ಕಂಪ್ಯೂಟರು ಆರಿಹೋದರೆ ಟೇಬಲ್ಲಿಗೆ ಸಾಲು ಸೇರಿರುತ್ತದೆ, ಸಾಲನ್ನು ಹುಡುಕಲು ಬಳಸುವ ಇಂಡೆಕ್ಸಿಗೆ ಸೇರಿರುವುದಿಲ್ಲ. ಟೇಬಲ್ಲಿನ ತಲೆಯಲ್ಲಿ ಬರೆದಿರುವ ಸಾಲುಗಳ ಸಂಖ್ಯೆ ಒಂದಾದರೆ ಒಳಗಿರುವುದು ಇನ್ನೊಂದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೇಗೆ ಹೋಗಿ ಬರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ವಿಂಡೋಸ್ ಬದಲಾದಂತೆ ಫೈಲು ಕೆಡುವುದು ಹೆಚ್ಚಾಯಿತು. ಹೊಸ ವಿಂಡೋಸ್‌ಗಳು ನೆಟ್‌ವರ್ಕಿನ ಫೈಲುಗಳ ಮಾಹಿತಿಯನ್ನು ವೇಗಕ್ಕಾಗಿ ತಮ್ಮಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತವೆ. ಇದು ಫಾಕ್ಸ್‌ಪ್ರೊಗೆ ಒಗ್ಗುವುದಿಲ್ಲ. ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಹಳೆಯ ಎಸ್‌ಎಂಬಿ 1 ಪದ್ಧತಿಗೇ ಮರಳಿ ಎಂದು ಕೆಲವರು ಸಲಹೆ ಕೊಟ್ಟರು. ಆದರೆ 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಆ ಪದ್ಧತಿಯಲ್ಲಿದ್ದ ದೋಷದಿಂದಲೇ. ಸದಸ್ಯರ ಠೇವಣಿಯ ಲೆಕ್ಕವಿರುವ ಕಂಪ್ಯೂಟರಿನಲ್ಲಿ ಅದನ್ನು ತೆರೆದಿಡಲು ನನಗೆ ಮನಸ್ಸು ಒಪ್ಪಲಿಲ್ಲ.

2018ರ ಜುಲೈನಲ್ಲಿ ಒಂದು ದಿನ, ಕೌಂಟರಿನಲ್ಲಿ ಜನ ತುಂಬಿದ್ದಾಗ ಕರೆಂಟು ಹೋಯಿತು. ಯುಪಿಎಸ್ ತಡೆಯಲಿಲ್ಲ. ಮತ್ತೆ ಬಂದಾಗ ಠೇವಣಿ ವ್ಯವಹಾರದ ಟೇಬಲ್ ತೆರೆಯಲಿಲ್ಲ. ಕೆಟ್ಟಿದೆ, ದುರಸ್ತಿಯಾಗದೆ ಬಳಸುವಂತಿಲ್ಲ ಎಂಬ ಸಂದೇಶ ಪರದೆಯ ಮೇಲೆ ನಿಂತಿತು. ಆಸ್ಪತ್ರೆಗೆಂದು ಹಣ ತೆಗೆಯಲು ಬಂದಿದ್ದ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ನಿಂತಿದ್ದರು. ಅವರ ಖಾತೆಯಲ್ಲಿ ಎಷ್ಟಿದೆಯೆಂದು ಹೇಳುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಮುಖ್ಯ ಕಾರ್ಯನಿರ್ವಾಹಕರು ಪಾಸ್‌ಬುಕ್ ನೋಡಿ, ತಮ್ಮ ಜವಾಬ್ದಾರಿಯ ಮೇಲೆ ಹಣ ಕೊಡಿಸಿದರು. ಉಳಿದವರನ್ನು ನಾಳೆ ಬನ್ನಿ ಎಂದು ಕಳಿಸಬೇಕಾಯಿತು. ಸಹಕಾರಿ ಸಂಘದಲ್ಲಿ ಆ ಮಾತು ಎಷ್ಟು ಬೇಗ ಊರೂರಿಗೆ ಹಬ್ಬುತ್ತದೆಂಬುದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಹಿಂದಿನ ಸಂಜೆಯ ಬ್ಯಾಕಪ್ಪನ್ನು ಮರಳಿ ಹಾಕಿದೆವು. ಠೇವಣಿ ಟೇಬಲ್ ತೆರೆಯಿತು. ಆದರೆ ಸಾಲದ ಟಿಪ್ಪಣಿಗಳಿದ್ದ ಮೆಮೊ ಫೈಲು ಅದರಲ್ಲೂ ಕೆಟ್ಟಿತ್ತು, ಅದರ ಹಿಂದಿನ ವಾರದ್ದರಲ್ಲೂ ಕೆಟ್ಟಿತ್ತು. ಫೈಲನ್ನು ನಕಲು ಮಾಡುವ ಬ್ಯಾಕಪ್ ಅದರ ರೋಗವನ್ನೂ ನಕಲು ಮಾಡುತ್ತದೆ. ಅಂದು ರಾತ್ರಿ ಸಿಬ್ಬಂದಿಯೆಲ್ಲ ಕೂತು ಚಲನ್, ರಸೀದಿ, ಪಿಗ್ಮಿ ಸಂಗ್ರಹದವರ ಪುಸ್ತಕ ನೋಡಿ ದಿನದ ವ್ಯವಹಾರವನ್ನು ಮತ್ತೆ ಬರೆದರು. ಸಾಲದ ಟಿಪ್ಪಣಿಗಳನ್ನು ಕಾಗದದ ಕಡತಗಳಿಂದ ಎತ್ತಿ ಬರೆಯಲು ವಾರಗಟ್ಟಲೆ ಹಿಡಿಯಿತು. ಆ ದಿನಗಳಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಗುಡುಗಿದರೆ ಎದ್ದು ಕೂರುತ್ತಿದ್ದೆ.

ಆಗ ಒಂದು ಮಾತು ನನಗೆ ಸ್ಪಷ್ಟವಾಯಿತು. ಬ್ಯಾಕಪ್ಪಿನಿಂದ ಲೆಕ್ಕ ಮರಳಿ ಎದ್ದು ನಿಲ್ಲುತ್ತದೆ ಎಂಬ ಭರವಸೆ ಹೋದ ದಿನವೇ ದಾಟುವ ತೀರ್ಮಾನ ಮಾಡಬೇಕು. ವೇಗ ಸಾಲದು, ಹೊಸದು ಬಂದಿದೆ, ಬೆಂಬಲ ನಿಂತಿದೆ ಎಂಬಿವೆಲ್ಲ ಆಮೇಲಿನ ಕಾರಣಗಳು.

ಪೋಸ್ಟ್‌ಗ್ರೆಸ್ ಆರಿಸಿದ್ದಕ್ಕೆ ಕಾರಣಗಳಿದ್ದವು. ಅದು ಉಚಿತ. ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ನಲ್ಲಿ ಬರೆದು, ಅದು ಡಿಸ್ಕಿಗೆ ಮುಟ್ಟಿದ ಮೇಲೆಯೇ ‘ಆಯಿತು’ ಎನ್ನುತ್ತದೆ. ಕರೆಂಟು ಹೋಗಿ ಬಂದರೆ ಆ ಲಾಗ್ ಓದಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಯೂನಿಕೋಡ್ ಕನ್ನಡ ಅದಕ್ಕೆ ಸಹಜ, ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಲೂ ಬರುತ್ತದೆ. ಪ್ರತಿ ಪ್ರಮುಖ ಆವೃತ್ತಿಗೂ ಐದು ವರ್ಷ ಬೆಂಬಲವೆಂದು ಮೊದಲೇ ಹೇಳಿರುತ್ತಾರೆ.

ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು, “ಇಷ್ಟು ವರ್ಷ ನಡೆದಿದೆಯಲ್ಲ ತಮಾ, ಇನ್ನೆರಡು ವರ್ಷ ನಡೆಯುವುದಿಲ್ಲವಾ?” ಎಂದರು. “ನಡೆಯಬಹುದು ಅಧ್ಯಕ್ಷರೇ. ಆದರೆ ಅದು ನಡೆಯುತ್ತಿರುವಾಗಲೇ ಹೊಸದನ್ನು ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಅದು ನಿಂತ ಮೇಲೆ ಹೊಸದು ಸರಿಯೋ ತಪ್ಪೋ ಎಂದು ಯಾವುದಕ್ಕೆ ಹೋಲಿಸಿ ನೋಡುವುದು?” ಎಂದೆ. ಹಿರಿಯ ನಿರ್ದೇಶಕರೊಬ್ಬರು ತಲೆಯಾಡಿಸಿದರು. “ಸರಿ. ಹಳೆ ಅಡಿಕೆಮರ ಕೊನೆ ಕೊಡುತ್ತಿರುವಾಗಲೇ ನಡುವೆ ಸಸಿ ಇಡುತ್ತೇವೆ. ಮರ ಬಿದ್ದ ಮೇಲೆ ಇಟ್ಟರೆ ಫಲ ಬರುವವರೆಗೆ ಉಣ್ಣುವುದೇನು?” ಎಂದರು. ಠರಾವು ಆಯಿತು.

ತಿಂಗಳು ಗೊತ್ತುಮಾಡುವುದು ಅದಕ್ಕಿಂತ ಕಷ್ಟವಾಯಿತು. ಅದೇ 2018ರ ಜುಲೈನಲ್ಲಿ ರಾಜ್ಯ ಬಜೆಟ್ಟಿನಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾಗಿತ್ತು. ಸಾಲಗಾರರ ಆಧಾರ್, ಪಡಿತರ ಚೀಟಿ, ಸರ್ವೆ ನಂಬರು ಸೇರಿಸಿ ಪಟ್ಟಿ ಕೊಡುವ ಕೆಲಸ ಸಂಘಗಳ ಮೇಲೆ ಬಿತ್ತು. ಒಂದು ಹೆಸರು ತಪ್ಪಿದರೂ ಒಬ್ಬ ರೈತನ ಮನ್ನಾ ತಪ್ಪುವ ಹೊತ್ತಿನಲ್ಲಿ ಡೇಟಾಬೇಸನ್ನು ಮುಟ್ಟುವಂತಿರಲಿಲ್ಲ. ಏಪ್ರಿಲ್ 1ರಂದು ಹೊಸ ವರ್ಷದ ಜೊತೆಗೇ ಹೊಸದನ್ನು ಶುರುಮಾಡಿ ಎಂದು ಹಲವರು ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಆ ಹೊತ್ತಿಗೆ ಸಿಬ್ಬಂದಿ ವರ್ಷಾಂತ್ಯದ ಬಡ್ಡಿ, ಸಾಲ ವಸೂಲಿ, ತೇರೀಜು, ಅಢಾವೆ ಪತ್ರಿಕೆಯಲ್ಲಿ ಮುಳುಗಿರುತ್ತಾರೆ. ಆರಂಭಿಕ ಶಿಲ್ಕುಗಳು ಇನ್ನೂ ಆಡಿಟ್ ಆಗಿರುವುದಿಲ್ಲ. ಜೂನ್‌ನಿಂದ ಆಗಸ್ಟ್ ಮಳೆ. ಸೆಪ್ಟೆಂಬರ್ ಒಳಗೆ ಸರ್ವಸಾಧಾರಣ ಸಭೆ. ನವೆಂಬರ್ ಹೊತ್ತಿಗೆ ಕೊನೆಕೊಯ್ಲು ಶುರುವಾಗಿ ಸದಸ್ಯರ ಹಣದ ಓಡಾಟ ಏರುತ್ತದೆ. ಆಡಿಟ್ ಆದ ಲೆಕ್ಕ ಕೈಯಲ್ಲಿರುವ, ಮಳೆ ಹಿಂದಾದ, ಕೊಯ್ಲು ಏರದ ಕಿರಿದಾದ ಅವಧಿಯೊಂದೇ ಉಳಿಯಿತು. ಪ್ರಯೋಗದ ಕೆಲಸವನ್ನು 2019ರ ಬೇಸಿಗೆಯಲ್ಲಿ ಶುರುಮಾಡಿ, ಆ ವರ್ಷದ ಮಹಾಸಭೆ ಮುಗಿದ ಮೇಲೆ ದಾಟುವುದೆಂದು ನಿರ್ಧರಿಸಿದೆವು.

ಆ ಪ್ರಯೋಗದ ತಿಂಗಳುಗಳು ಸುಲಭವಾಗಿರಲಿಲ್ಲ. ಮೊದಲ ಕಷ್ಟ ಕನ್ನಡದ್ದು. ಹಳೆಯ ಲೆಕ್ಕದಲ್ಲಿ ಹೆಸರುಗಳೆಲ್ಲ ನುಡಿ ಫಾಂಟಿನಲ್ಲಿದ್ದವು. ಅಲ್ಲಿ ಕಂಪ್ಯೂಟರಿನ ಮಟ್ಟಿಗೆ ಅಕ್ಷರವೆಂಬುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳಿರುತ್ತವೆ. ಅವನ್ನು ಯೂನಿಕೋಡಿಗೆ ತರುವಾಗ ಅರ್ಕಾವೊತ್ತು ತೊಂದರೆ ಕೊಟ್ಟಿತು. ‘ಧರ್ಮ’ ಎಂದು ಬರೆಯುವಾಗ ನುಡಿಯಲ್ಲಿ ಅರ್ಕಾವೊತ್ತು ಮಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಅದಕ್ಕೆ ಮೊದಲೇ ಬರಬೇಕು. ಹಿಂದೆ ಯಾರೋ ಕನ್ನಡದ ಅಂಕಣದಲ್ಲೇ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬಂದವು. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಯಂತ್ರ ಹೇಳಲಾರದು. ಲೆಕ್ಕಿಗರಾದ ಅಕ್ಕನೊಬ್ಬರು ಸದಸ್ಯರ ಪಟ್ಟಿಯನ್ನು ಮುದ್ರಿಸಿಕೊಂಡು ಹೆಸರು, ತಂದೆಯ ಹೆಸರು, ಊರು ಒಂದೊಂದನ್ನೂ ಕೆಂಪು ಶಾಯಿಯಲ್ಲಿ ತಿದ್ದಿದರು. ಒಂದೇ ಊರಿನಲ್ಲಿ ಮೂವರು ಗಣಪತಿ ಹೆಗಡೆಯರಿರುವ ಸೀಮೆ ಇದು. ಆ ಅಕ್ಕನಿಗಿದ್ದ ಊರಿನ ತಿಳಿವಳಿಕೆ ಇಲ್ಲದಿದ್ದರೆ ಕೆಲಸ ಮುಗಿಯುತ್ತಿರಲಿಲ್ಲ.

ಎರಡನೆಯ ಕಷ್ಟ ಕಣ್ಣಿಗೆ ಕಾಣುವಂಥದ್ದಲ್ಲ. ಹೊಸದರಲ್ಲಿ ತೆಗೆದ, ವಾಯಿದೆ ಮೀರಿದ ಸಾಲಗಳ ಸುಸ್ತಿ ಪಟ್ಟಿ ಹಳೆಯದಕ್ಕಿಂತ ಚಿಕ್ಕದಾಗಿತ್ತು. ಫಾಕ್ಸ್‌ಪ್ರೊದಲ್ಲಿ ತಾರೀಖನ್ನು ಖಾಲಿ ಬಿಡಬಹುದು, ಮತ್ತು ಖಾಲಿ ತಾರೀಖು ಬೇರೆಲ್ಲ ತಾರೀಖಿಗಿಂತ ಹಿಂದಿನದು ಎಂದು ಅದು ಎಣಿಸುತ್ತದೆ. ಹಾಗಾಗಿ ವಾಯಿದೆ ದಿನಾಂಕ ಬರೆಯದೆ ಬಿಟ್ಟ ಸಾಲಗಳೂ ಸುಸ್ತಿಯಲ್ಲಿ ಬರುತ್ತಿದ್ದವು. ಪೋಸ್ಟ್‌ಗ್ರೆಸ್‌ನಲ್ಲಿ ಖಾಲಿ ತಾರೀಖಿಲ್ಲ, ‘ನಲ್’ ಇದೆ. ಅದನ್ನು ಯಾವ ದಿನಕ್ಕೆ ಹೋಲಿಸಿದರೂ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ. ಆ ಸಾಲಗಳು ಸದ್ದಿಲ್ಲದೆ ಪಟ್ಟಿಯಿಂದ ಕಾಣೆಯಾದವು. ತಪ್ಪಿನ ಸಂದೇಶವೂ ಬರಲಿಲ್ಲ. ಹಳೆಯ ಪಟ್ಟಿ ಪಕ್ಕದಲ್ಲಿ ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಮೂರನೆಯದು ಒಂದು ರೂಪಾಯಿಯದು. ಬಡ್ಡಿಯನ್ನು ನಾವು ರೂಪಾಯಿಗೆ ಪೂರ್ಣಗೊಳಿಸುತ್ತೇವೆ, ಐವತ್ತು ಪೈಸೆ ಬಂದರೆ ಮೇಲಕ್ಕೆ. ಹೊಸದರಲ್ಲಿ ಕೆಲವು ಖಾತೆಗಳಿಗೆ ಒಂದು ರೂಪಾಯಿ ಕಡಿಮೆ ಬರುತ್ತಿತ್ತು, ಎಲ್ಲದಕ್ಕೂ ಅಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ದಶಾಂಶವಿರುವ ಸಂಖ್ಯೆಗಳಿಗೆ ಮುಖ್ಯವಾಗಿ ಎರಡು ಬಗೆಯಿದೆ. ಲೆಕ್ಕಕ್ಕೆ ತಕ್ಕ ‘ನ್ಯೂಮರಿಕ್’ ಬಗೆ ಅರ್ಧವನ್ನು ಮೇಲಕ್ಕೆ ಏರಿಸುತ್ತದೆ. ವೈಜ್ಞಾನಿಕ ಗಣಿತಕ್ಕೆ ಬಳಸುವ ‘ಡಬಲ್ ಪ್ರಿಸಿಷನ್’ ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಇಳಿಸುತ್ತದೆ ಅಥವಾ ಏರಿಸುತ್ತದೆ. 13.50 ಎರಡರಲ್ಲೂ 14 ಆಗುತ್ತದೆ. 12.50 ಮಾತ್ರ ಒಂದರಲ್ಲಿ 13, ಇನ್ನೊಂದರಲ್ಲಿ 12. ಹಣಕ್ಕೆ ಸಂಬಂಧಿಸಿದ ಪ್ರತಿ ಲೆಕ್ಕವನ್ನೂ ನ್ಯೂಮರಿಕ್‌ಗೆ ತಂದ ಮೇಲೆ ಬಡ್ಡಿ ಹೊಂದಿತು. ಒಂದು ರೂಪಾಯಿ ಸಣ್ಣದಲ್ಲವೇ ಎಂದು ಕೇಳಿದವರಿದ್ದಾರೆ. ಸದಸ್ಯನ ಬಡ್ಡಿಯಲ್ಲಿ ಕಾರಣ ತಿಳಿಯದ ಒಂದು ರೂಪಾಯಿ ವ್ಯತ್ಯಾಸವಿದ್ದರೆ ಉಳಿದ ಲೆಕ್ಕವನ್ನು ಆತ ನಂಬುವುದಾದರೂ ಹೇಗೆ?

ಸೆಪ್ಟೆಂಬರ್‌ನಿಂದ ಎರಡನ್ನೂ ಜೊತೆಜೊತೆಗೆ ನಡೆಸಿದೆವು. ಸಿಬ್ಬಂದಿಗೆ ಇದು ಅತ್ಯಂತ ಭಾರದ ಕಾಲ. ಪ್ರತಿ ಚಲನ್ನನ್ನೂ ಎರಡು ಸಲ ಬರೆಯಬೇಕು. ಸಂಜೆ ಎರಡೂ ಕಡೆಯ ಕಿರ್ದಿ, ನಗದು ಶಿಲ್ಕು, ತೇರೀಜು ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಕಡೆಯ ಬಸ್ಸು ತಪ್ಪಿಸಿಕೊಂಡವರನ್ನು ಮುಖ್ಯ ಕಾರ್ಯನಿರ್ವಾಹಕರು ತಮ್ಮ ಗಾಡಿಯಲ್ಲಿ ಬಿಟ್ಟುಬಂದರು. ಕೊಯ್ಲು ಏರುವ ಮೊದಲೇ ಎರಡೂ ಲೆಕ್ಕ ಬಹುದಿನ ಒಂದೇ ಆಗಿ ನಿಂತವು. ಆಗ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ, ಅದನ್ನು ಓದಲು ಮಾತ್ರ ಉಳಿಸಿಕೊಂಡೆವು. ಮರುವರ್ಷದ ಮಳೆಗಾಲದಲ್ಲೂ ಕರೆಂಟು ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಬಂದ ಮೇಲೆ ಪೋಸ್ಟ್‌ಗ್ರೆಸ್ ತಾನಾಗಿ ಎದ್ದಿತು. ಕೊನೆಯ ರಸೀದಿಯವರೆಗೆ ಎಲ್ಲವೂ ಇತ್ತು.

ನಾವು ಹಾಕಿಕೊಂಡಿದ್ದ ಪೋಸ್ಟ್‌ಗ್ರೆಸ್ 11ರ ಬೆಂಬಲ 2023ರ ನವೆಂಬರ್‌ಗೆ ಮುಗಿಯುವುದಿತ್ತು. ಈ ಸಲ ಏನಾದರೂ ಕೆಡುವವರೆಗೆ ಕಾಯಲಿಲ್ಲ. ಆ ತಾರೀಖನ್ನು ಮಂಡಳಿಯ ನಡಾವಳಿಯಲ್ಲೇ ಬರೆಸಿ, ಅದಕ್ಕೂ ಮೊದಲೇ ಹೊಸ ಆವೃತ್ತಿಗೆ ದಾಟಿದೆವು. ಕೆಳಗಿನ ಲಿನಕ್ಸ್ ಕೂಡ ಬದಲಾಗಿತ್ತು. ಲಿನಕ್ಸ್ ಬದಲಾದಾಗ ಅಕ್ಷರಗಳ ಜೋಡಣೆಯ ಕ್ರಮವೂ ಬದಲಾಗಬಹುದಾದ್ದರಿಂದ ಇಂಡೆಕ್ಸುಗಳನ್ನೆಲ್ಲ ಹೊಸದಾಗಿ ಕಟ್ಟಿ ತಾಳೆ ನೋಡಿದೆವು. ಅಂದು ಯಾರ ನಿದ್ದೆಯೂ ಕೆಡಲಿಲ್ಲ.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ, 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಲೆಕ್ಕವನ್ನು ಹೊಸದಕ್ಕೆ ದಾಟಿಸುವ ಈ ಕಷ್ಟ ಆ ಸಂಘಗಳದ್ದೂ ಹೌದು. ಅಲ್ಲಿನ ಮುಖ್ಯ ಕಾರ್ಯನಿರ್ವಾಹಕರಿಗೂ ನಿರ್ದೇಶಕರಿಗೂ ನನ್ನದೊಂದು ವಿನಂತಿ. ಹಳೆಯದು ಕೆಟ್ಟು ನಿಲ್ಲಲಿ ಎಂದು ಕಾಯಬೇಡಿ. ಮಾರ್ಚ್ 31ರ ಗಡಿಬಿಡಿಯಲ್ಲಿ ದಾಟಬೇಡಿ. ಎರಡೂ ಲೆಕ್ಕ ತಾಳೆಯಾಗದೆ ‘ಮುಗಿಯಿತು’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ತಾಳೆಯಾದ ಮೇಲೂ ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡಬೇಡಿ, ಮುಂದಿನ ಆಡಿಟ್ ಮುಗಿಯುವವರೆಗಾದರೂ ಇಟ್ಟುಕೊಳ್ಳಿ.