ಸರೋವರವೇ ಪಾಠಶಾಲೆಯಾದ ಊರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿರುವ ವಿಸ್ಕಾನ್ಸಿನ್, ಹಾಲು, ಬೆಣ್ಣೆ, ಚೀಸುಗಳಿಗೆ ಹೆಸರಾಂತ ರಾಜ್ಯ. ಅದರ ರಾಜಧಾನಿ ಮ್ಯಾಡಿಸನ್. ಊರಿನ ನಡುಭಾಗ ನಿಂತಿರುವುದು ಎರಡು ಸರೋವರಗಳ ನಡುವಣ ಕಿರಿದಾದ ಭೂಸಂಧಿಯ ಮೇಲೆ. ಒಂದು ಕಡೆ ಮೆಂಡೋಟಾ, ಇನ್ನೊಂದು ಕಡೆ ಮೊನೋನಾ. ಇವುಗಳ ಕೆಳಗೆ ವಾಬೀಸಾ, ಕೆಗಾನ್ಸಾ ಎಂಬ ಮತ್ತೆರಡು ಸರೋವರಗಳು. ಈ ನಾಲ್ಕನ್ನೂ ಯಹಾರಾ ನದಿಯು ಹಾರದಂತೆ ಪೋಣಿಸಿದೆ. ಈ ನೆಲದ ಮೂಲ ನಿವಾಸಿಗಳಾದ ಹೋ-ಚಂಕ್ ಜನರು ಇದನ್ನು ತಮ್ಮ ಭಾಷೆಯಲ್ಲಿ ‘ದೇಜೋಪ್’ ಎಂದು ಕರೆದರು. ನಾಲ್ಕು ಸರೋವರಗಳೆಂದೇ ಅದರ ಅರ್ಥ.

ಬಿಳಿಯ ಗುಮ್ಮಟದ ಶಾಸನ ಭವನದಿಂದ ಸ್ಟೇಟ್ ಸ್ಟ್ರೀಟ್ ಹಿಡಿದು ಮೈಲಿಯಷ್ಟು ನಡೆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆವರಣ. ಅಲ್ಲಿನ ಮೆಮೋರಿಯಲ್ ಯೂನಿಯನ್ ಕಟ್ಟಡದ ಹಿಂಬದಿಯ ಜಗಲಿಯಲ್ಲಿ, ಉದಯರವಿಯ ಕಿರಣಗಳಂತೆ ಬೆನ್ನು ಬಿಡಿಸಿದ ಬಣ್ಣಬಣ್ಣದ ಲೋಹದ ಕುರ್ಚಿಗಳು, ಎದುರಿಗೆ ಮೆಂಡೋಟಾ. ವಿಸ್ತಾರ ಸುಮಾರು 15 ಚದರ ಮೈಲಿ, ಅತಿ ಹೆಚ್ಚಿನ ಆಳ 83 ಅಡಿ. ಪ್ರವಾಸಿಗಳ ಕಣ್ಣು ಹಾಯಿದೋಣಿಗಳ ಮೇಲೆ ನಿಲ್ಲುವುದು ಸಹಜ. ಆದರೆ ದಡದ ಕಾಲುಹಾದಿಯಲ್ಲಿ ತುಸು ದೂರ ಸಾಗಿದರೆ, ನೀರಿನಂಚಿಗೇ ಕಟ್ಟಿದ ಒಂದು ಪ್ರಯೋಗಶಾಲೆ ಕಾಣುತ್ತದೆ. 1963ರಲ್ಲಿ ನಿರ್ಮಾಣವಾದ ಈ ಮಂದಿರಕ್ಕೆ ಪ್ರೊಫೆಸರ್ ಆರ್ಥರ್ ಹಾಸ್ಲರ್ ಅವರ ಹೆಸರನ್ನಿಟ್ಟಿದ್ದಾರೆ. ಸಾಲ್ಮನ್ ಮೀನು ಸಮುದ್ರದಲ್ಲಿ ಅಲೆದು ಮರಳಿ ತಾನು ಹುಟ್ಟಿದ ತೊರೆಗೇ ಬರುವುದು ಆ ನೀರಿನ ವಾಸನೆಯನ್ನು ಗುರುತಿಸಿ ಎಂಬುದನ್ನು ತೋರಿಸಿಕೊಟ್ಟ ಮಹನೀಯರು ಅವರೇ.

ಇಲ್ಲಿನ ಸರೋವರಾಧ್ಯಯನದ ಪರಂಪರೆ ಅದಕ್ಕಿಂತಲೂ ಹಳೆಯದು. 1875ರಲ್ಲಿ ಎಡ್ವರ್ಡ್ ಬರ್ಜ್ ಎಂಬ ತರುಣ ಅಧ್ಯಾಪಕರು ಇಲ್ಲಿಗೆ ಬಂದರು. ಡಾಫ್ನಿಯಾ ಮೊದಲಾದ ನೀರುಚಿಗಟಗಳೆಂಬ ಅತಿಸೂಕ್ಷ್ಮ ಜೀವಿಗಳ ಮೋಹ ಅವರನ್ನು ಮೆಂಡೋಟಾದ ಒಡಲಿಗೆ ಇಳಿಸಿತು. ಮುಂದೆ ಚಾನ್ಸಿ ಜುಡೇ ಅವರ ಜೊತೆಗೂಡಿದರು. ಬೇಸಗೆಯಲ್ಲಿ ಮೇಲಿನ ಬಿಸಿನೀರೂ ಕೆಳಗಿನ ತಣ್ಣೀರೂ ಬೆರೆಯದೆ ಪದರವಾಗಿ ನಿಲ್ಲುವುದನ್ನೂ, ತಳದ ನೀರಿನಲ್ಲಿ ಆಮ್ಲಜನಕವು ಕ್ರಮೇಣ ತೀರಿಹೋಗುವುದನ್ನೂ ಅವರು ಅಳತೆಮಾಡಿ ತೋರಿಸಿದರು. 1925ರಲ್ಲಿ ರಾಜ್ಯದ ಉತ್ತರದ ಕಾಡಿನ ಟ್ರೌಟ್ ಸರೋವರದ ಬಳಿ ಶಿಬಿರ ಹೂಡಿ ನೂರಾರು ಸರೋವರಗಳನ್ನು ಪರೀಕ್ಷಿಸಿದರು.

ಊರಿನವರ ಕೊಡುಗೆಯೂ ಅಲ್ಪವಲ್ಲ. ಮೆಂಡೋಟಾ ಎಂದು ಹೆಪ್ಪುಗಟ್ಟಿತು, ಎಂದು ಕರಗಿತು ಎಂಬ ದಾಖಲೆ 1855–56ರ ಚಳಿಗಾಲದಿಂದ ಇದೆ. 1880–81ರಲ್ಲಿ ಸರೋವರವು 161 ದಿನ ಮಂಜಿನ ಹಲಗೆಯಡಿ ಮಲಗಿತ್ತು. 2001–02ರಲ್ಲಿ ಕೇವಲ 21 ದಿನ. ಹವೆ ಬದಲಾಗುತ್ತಿದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕೆ?

ಇಷ್ಟು ದೀರ್ಘಕಾಲ ಅಧ್ಯಯನಕ್ಕೊಳಗಾದ ಸರೋವರ ಜಗತ್ತಿನಲ್ಲೇ ವಿರಳ. ಆದರೂ ಬೇಸಗೆ ಬಲಿತಾಗ ಮೆಂಡೋಟಾದ ನೀರು ಹಸುರು ಬಣ್ಣದ ಗಂಜಿಯಂತಾಗುವುದುಂಟು. ನೀಲಿ-ಹಸಿರು ಪಾಚಿ ಕೆನೆಗಟ್ಟಿದಾಗ, ಅದರಲ್ಲಿ ವಿಷವಿರಬಹುದೆಂಬ ಕಾರಣದಿಂದ, ಈಜುದಡಗಳನ್ನು ಮುಚ್ಚಬೇಕಾಗುತ್ತದೆ. ಇಷ್ಟೆಲ್ಲ ತಿಳಿದವರಿದ್ದೂ ಹೀಗೇಕೆ?

ಪಾಚಿಯ ಆಹಾರ ರಂಜಕ, ಎಂದರೆ ಫಾಸ್ಫರಸ್. ಮೊದಲು ಇದಕ್ಕೆ ಊರುಗಳ ಕೊಳಚೆ ನೀರು ಕಾರಣವಾಗಿತ್ತು. 1971ರ ವೇಳೆಗೆ ಅದನ್ನು ಮೆಂಡೋಟಾದಿಂದ ದೂರ ತಿರುಗಿಸಿದರು. ಆದರೆ ಸರೋವರಕ್ಕೆ ನೀರು ಹರಿಸುವ ನೆಲದ ಬಹುಭಾಗ ಮೆಕ್ಕೆಜೋಳದ ಹೊಲ, ಹೈನುಗಾರರ ಕೊಟ್ಟಿಗೆ. ತಲೆಮಾರುಗಳ ಗೊಬ್ಬರದಿಂದ ಆ ಮಣ್ಣು ರಂಜಕವನ್ನು ತುಂಬಿಕೊಂಡು ಕುಳಿತಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಸಗಣಿ ಹರಡಿದರೆ, ಹಿಮ ಕರಗುವಾಗ ಅದು ಮಣ್ಣಿಗಿಳಿಯದೆ ಹಳ್ಳ ಸೇರುತ್ತದೆ. ವರ್ಷದ ಕೆಲವೇ ಜಡಿಮಳೆಯ ದಿನಗಳು ಉಳಿದ ತಿಂಗಳುಗಳಿಗಿಂತ ಹೆಚ್ಚು ರಂಜಕವನ್ನು ಹೊತ್ತು ತರುತ್ತವೆ. ರೋಗ ಕಾಣುವುದು ನೀರಿನಲ್ಲಿ. ಅದರ ಬೇರು ಇರುವುದು ಹೊಲದಲ್ಲಿ, ಹಾಲಿನ ಬೆಲೆಯಲ್ಲಿ, ಕಾನೂನಿನಲ್ಲಿ.

ಈ ಮಾತಿಗೆ ಒಂದು ನಿದರ್ಶನ ಕೇಳಿ. 1987ರಲ್ಲಿ ದೊಡ್ಡ ಬೇಟೆಮೀನುಗಳನ್ನು ಮೆಂಡೋಟಾಕ್ಕೆ ಬಿಡುವ ಯೋಜನೆ ಆರಂಭವಾಯಿತು. ಅದೇ ವರ್ಷದ ಕಡುಬೇಸಗೆಯಲ್ಲಿ, ನೀರುಚಿಗಟಗಳನ್ನು ತಿನ್ನುತ್ತಿದ್ದ ಸಿಸ್ಕೋ ಎಂಬ ಮೀನು ಅಪಾರ ಸಂಖ್ಯೆಯಲ್ಲಿ ಸತ್ತಿತು. ಬರ್ಜ್ ಮೆಚ್ಚಿದ್ದ ಡಾಫ್ನಿಯಾ ಹೆಚ್ಚಿ ಪಾಚಿಯನ್ನು ಮೇಯ್ದವು, ನೀರು ತಿಳಿಯಾಯಿತು. ಆದರೆ 2009ರಲ್ಲಿ, ಯೂರೋಪು ಏಷ್ಯಾಗಳಿಂದ ಹಡಗುಗಳ ಮೂಲಕ ಮಹಾಸರೋವರಗಳಿಗೆ ಬಂದಿದ್ದ ಮುಳ್ಳುಬಾಲದ ನೀರುಚಿಗಟವೊಂದು ಇಲ್ಲಿ ಕಾಣಿಸಿಕೊಂಡಿತು. ಅರ್ಧ ಅಂಗುಲ ಉದ್ದದ ಈ ಅತಿಥಿ ಡಾಫ್ನಿಯಾಗಳನ್ನು ತಿಂದು ಮುಗಿಸತೊಡಗಿತು. ತಿಳಿನೀರಿನ ಆಳ ಹತ್ತಿರ ಹತ್ತಿರ ಮೂರಡಿ ಕುಗ್ಗಿತು. 2016ರಲ್ಲಿ ಇಲ್ಲಿನ ಸಂಶೋಧಕರು ಪ್ರಕಟಿಸಿದ ಲೆಕ್ಕದಂತೆ, ಹಿಂದಿನ ತಿಳಿಯನ್ನು ಮರಳಿ ಪಡೆಯಬೇಕಾದರೆ ಸರೋವರಕ್ಕೆ ಬರುವ ರಂಜಕವನ್ನು ಶೇಕಡ 71ರಷ್ಟು ತಗ್ಗಿಸಬೇಕು. ಅದರ ವೆಚ್ಚ 8.65 ಕೋಟಿಯಿಂದ 16.3 ಕೋಟಿ ಡಾಲರು! ಒಂದು ಹುಳುವಿನ ಹೊಟ್ಟೆಯಿಂದ ಜನರ ಬೊಕ್ಕಸದವರೆಗೆ ನಡೆದ ಈ ಲೆಕ್ಕವನ್ನು ಪ್ರಾಣಿಶಾಸ್ತ್ರಜ್ಞನೊಬ್ಬನೇ ಮಾಡಲಾರ, ಅರ್ಥಶಾಸ್ತ್ರಜ್ಞನೊಬ್ಬನೂ ಮಾಡಲಾರ.

ಈ ತಿಳಿವಳಿಕೆಯೇ ಇಲ್ಲಿನ ಉನ್ನತ ವ್ಯಾಸಂಗಕ್ಕೆ ರೂಪ ಕೊಟ್ಟಿದೆ. ಸಿಹಿನೀರು ಮತ್ತು ಸಮುದ್ರ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣ ಯಾವ ಒಂದು ವಿಭಾಗದ ಸ್ವತ್ತೂ ಅಲ್ಲ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಎಂಜಿನಿಯರಿಂಗ್ ಬಲ್ಲ ಅಧ್ಯಾಪಕರು ಅದರಲ್ಲಿ ಒಟ್ಟುಗೂಡಿದ್ದಾರೆ. ಜಲಸಂಪನ್ಮೂಲ ನಿರ್ವಹಣೆಯನ್ನು ಕಲಿಯಲು ಬಂದವರಿಗೆ ಒಬ್ಬೊಬ್ಬರೂ ಪ್ರತ್ಯೇಕ ಪ್ರಬಂಧ ಬರೆಯುವುದರ ಬದಲು ತಂಡವಾಗಿ ಒಂದು ನೈಜ ಜಲಪ್ರದೇಶದ ಸಮಸ್ಯೆಯನ್ನು ಬಿಡಿಸುವ ಕೆಲಸವನ್ನೂ ಒಪ್ಪಿಸುತ್ತಿದ್ದರು. ಅಳೆಯಬಲ್ಲವನು ಕಾನೂನು ಓದಿದವಳ ಮಾತು ಕೇಳಬೇಕು. ಆಕೆ ರೈತನ ಮಾತು ಕೇಳಬೇಕು. ಪುಸ್ತಕದ ಪಾಠಕ್ಕಿಂತ ಈ ಕೇಳುವ ವಿದ್ಯೆ ಕಷ್ಟವಾದುದು.

ಫಲ ಇಲ್ಲದಿಲ್ಲ. 2012ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ, ಮ್ಯಾಡಿಸನ್ನಿನ ಕೊಳಚೆ ನೀರಿನ ಸಂಸ್ಥೆ ಬೆಲೆಬಾಳುವ ಹೊಸ ಯಂತ್ರಾಗಾರ ಕಟ್ಟುವುದರ ಬದಲು, ಯಹಾರಾ ಕಣಿವೆಯ ಊರುಗಳೊಡನೆ ಸೇರಿ, ಹೊಲದಿಂದ ರಂಜಕ ಹರಿಯದಂತೆ ನೋಡಿಕೊಳ್ಳುವ ರೈತರ ಕೆಲಸಕ್ಕೆ ಹಣ ಒದಗಿಸಿತು. ರೈತರೂ ತಮ್ಮದೇ ಸಂಘ ಕಟ್ಟಿ, ಕೊಯ್ಲಾದ ಮೇಲೆ ನೆಲ ಬರಿದಾಗದಂತೆ ಮುಚ್ಚುಬೆಳೆ ಬಿತ್ತತೊಡಗಿದರು. ಮಣ್ಣಿನಲ್ಲಿ ಕೂಡಿಟ್ಟ ಹಳೆಯ ರಂಜಕ ಸುಲಭವಾಗಿ ಬಿಟ್ಟುಹೋಗುವಂಥದಲ್ಲ. ಹೆಚ್ಚುತ್ತಿರುವ ಬಿರುಮಳೆಗಳು ಗಳಿಸಿದ್ದನ್ನು ಕಸಿಯುತ್ತಲೇ ಇವೆ. ಇಂದು ಓದುತ್ತಿರುವವರು ತಮ್ಮ ದುಡಿಮೆಯ ಪೂರ್ಣಫಲವನ್ನು ಕಾಣುವ ವೇಳೆಗೆ ಅವರ ತಲೆ ನರೆತಿರಬಹುದು.

ಮ್ಯಾಡಿಸನ್‌ಗೆ ಹೋಗುವ ನಮ್ಮವರು ಸಾಧ್ಯವಾದರೆ ಎರಡು ಬಾರಿ ಹೋಗಬೇಕು: ಸರೋವರದ ಮೇಲೆ ಜನ ನಡೆದಾಡುವ ಫೆಬ್ರವರಿಯಲ್ಲೊಮ್ಮೆ, ಅದು ಹಸುರಾಗುವ ಜುಲೈಯಲ್ಲೊಮ್ಮೆ. ನೋಟ ಮುಗಿದ ಮೇಲೆ ದಡ ಬಿಟ್ಟು ಉತ್ತರಕ್ಕೆ ಕೆಲವು ಮೈಲಿ ಸಾಗಿ ಮೆಕ್ಕೆಜೋಳದ ಹೊಲಗಳನ್ನೂ ನೋಡಬೇಕು. ಮೆಂಡೋಟಾ ಅಲ್ಲಿಂದಲೇ ಆರಂಭವಾಗುತ್ತದೆ.